ಶಸ್ತ್ರವೈದ್ಯರು ಹಿಂದೆ ಹೋದ ಮೇಲೆ

ನಾನು ನವಿ ಮುಂಬಯಿಯ ಐರೋಲಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿರುವವನು, ಮೂಲ ಕುಂದಾಪುರದ ಕಡೆ. ಊರಿನಲ್ಲಾದರೆ ಶುಭಕ್ಕೆ ಒಬ್ಬರು, ಅಪರಕ್ಕೆ ಇನ್ನೊಬ್ಬರು ಭಟ್ಟರಿರುತ್ತಾರೆ. ಇಲ್ಲಿ ಎರಡಕ್ಕೂ ನಾನೇ. ಇವತ್ತು ಘನ್ಸೋಲಿಯಲ್ಲಿ ಗೃಹಪ್ರವೇಶ, ನಾಳೆ ಡೊಂಬಿವಲಿಯಲ್ಲಿ ಹತ್ತನೆಯ ದಿನದ ಕ್ರಿಯೆ. ಚೀಲ ಒಂದೇ, ಒಳಗಿನ ಸಾಮಾನು ಬೇರೆ.

ಡಾಕ್ಟರರ ಹತ್ತಿರ ಕೇಳಲು ಸಂಕೋಚಪಡುವುದನ್ನು ಜನ ನನ್ನ ಹತ್ತಿರ ಕೇಳುತ್ತಾರೆ. ಕ್ಯಾನ್ಸರಿನ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದು ಇದು: ನೋವಿಗೆ ಮಾರ್ಫೀನ್ ಕೊಟ್ಟರೆ ಅನುಭವಿಸಿ ತೀರಿಸಬೇಕಾದ ಕರ್ಮ ಬಾಕಿ ಉಳಿಯುವುದಿಲ್ಲವೇ ಭಟ್ರೇ? ಮಂಪರಿನಲ್ಲೇ ಹೋಗಿಬಿಟ್ಟರೆ ಅಂತ್ಯಕಾಲದ ಸ್ಮರಣೆ ತಪ್ಪುವುದಿಲ್ಲವೇ? ತಮಾಷೆಯ ಪ್ರಶ್ನೆಗಳಲ್ಲ ಇವು. ಕೇಳುವವರು ಓದಿದವರೇ, ಮೈಂಡ್‌ಸ್ಪೇಸಿನ ಐಟಿ ಕಂಪನಿಗಳಲ್ಲಿ ದುಡಿಯುವವರೂ ಇದ್ದಾರೆ. ಬಹಳ ಕಾಲ ನಾನು ಉತ್ತರವನ್ನು ಗ್ರಂಥಗಳಲ್ಲೇ ಹುಡುಕಿದೆ. ಅರ್ಧ ಉತ್ತರ ಸಿಕ್ಕಿದ್ದು ನಮ್ಮ ಸೆಕ್ಟರಿನ ಒಬ್ಬ ಫ್ಯಾಮಿಲಿ ಡಾಕ್ಟರರ ಕೆಲಸ ನೋಡಿ. ಮರಾಠಿಯವರು. ದೇವರು ದಿಂಡರ ವಿಷಯದಲ್ಲಿ ಅಂಥ ಆಸ್ಥೆಯೇನಿಲ್ಲ. ಗಣಪತಿಗೆ ಮಾತ್ರ ಒಂದೂವರೆ ದಿನ ಕ್ಲಿನಿಕ್ ಬಂದ್. ನನ್ನನ್ನು ‘ಗುರುಜಿ’ ಎನ್ನುತ್ತಾರೆ, ಆ ಗುರುಜಿಯಲ್ಲಿ ಸ್ವಲ್ಪ ಕೀಟಲೆಯೂ ಇರುತ್ತದೆ.

ಅವರ ಕ್ಲಿನಿಕ್ ಎಂದರೆ ಸಿಡ್ಕೋ ಕಟ್ಟಿದ ಹಳೆಯ ಬಿಲ್ಡಿಂಗಿನ ಕೆಳಗೆ ಒಂದು ಕೋಣೆ, ಒಂದು ಪರದೆ, ಹೊರಗೆ ಒಂದು ಬೆಂಚು. ಬೆಂಚಿನ ಮೇಲೆ ಕೂತವರ ಮನೆಯ ಸಂಗತಿಯೆಲ್ಲ ಅವರಿಗೆ ಗೊತ್ತು. ಯಾವ ಮನೆಯಲ್ಲಿ ಸೊಸೆ ರಾತ್ರಿ ನಿದ್ದೆಗೆಡುತ್ತಾಳೆ, ಯಾವ ಮಗ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾನೆ ಆದರೆ ಅಪ್ಪನ ಕೋಣೆಗೆ ಕಾಲಿಡುವುದಿಲ್ಲ, ಯಾವ ತಮ್ಮ ಊರಿನಿಂದ ಬಂದು ಜಗಳ ತೆಗೆಯುತ್ತಾನೆ, ಎಲ್ಲವೂ. ನನಗೂ ಇದೆಲ್ಲ ಗೊತ್ತಿರುತ್ತದೆ, ಆದರೆ ಗೊತ್ತಾಗುವುದು ಹದಿಮೂರು ದಿನಗಳಲ್ಲಿ. ಅವರಿಗೆ ಮೊದಲೇ ಗೊತ್ತು, ಉಪಯೋಗಕ್ಕೆ ಬರುವ ಹೊತ್ತಿನಲ್ಲಿ.

ರಾಯರು ಎಂದಿಟ್ಟುಕೊಳ್ಳಿ, ನಮ್ಮ ಕಡೆಯವರೇ. ಥಾಣೆ-ಬೇಲಾಪುರ ರಸ್ತೆಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ಅನ್ನನಾಳದ ಕ್ಯಾನ್ಸರ್. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಶನ್ ಎಲ್ಲ ಆಯಿತು. 1941ರಿಂದ ಇಡೀ ದೇಶ ಬಂದು ಸಾಲು ನಿಲ್ಲುವ ಜಾಗ ಅದು. ಅಸ್ಸಾಮಿನಿಂದ, ಬಿಹಾರದಿಂದ ಬಂದವರು ಹೊರಗಿನ ಫುಟ್‌ಪಾತಿನಲ್ಲಿ ಮಲಗಿರುವುದನ್ನು ನೋಡಿದವರಿಗೆ ಐರೋಲಿ ಪರೇಲಿಗೆ ಎಷ್ಟು ಹತ್ತಿರ ಎಂದು ಅನಿಸಬಹುದು. ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ಥಾಣೆ, ಅಲ್ಲಿ ಬದಲಿಸಿ ಪರೇಲ್. ಆದರೆ ಉಗುಳು ನುಂಗಲಾರದ ಮನುಷ್ಯನಿಗೆ ಥಾಣೆಯ ಆ ಮೇಲ್ಸೇತುವೆ ಹತ್ತಿ ಇಳಿಯುವುದೇ ಒಂದು ಯಾತ್ರೆ. ರೋಗ ಯಕೃತ್ತಿಗೆ ಹೋದ ಮೇಲೆ ಅಲ್ಲಿನ ವೈದ್ಯರು, ಇನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ, ನೋವು ಕಡಿಮೆ ಮಾಡುವ ಚಿಕಿತ್ಸೆ ಇದೆ ಎಂದು ಹೇಳಿ, ಮಾರ್ಫೀನ್ ಗುಳಿಗೆಯನ್ನೂ ಹತ್ತಿರದ ಡಾಕ್ಟರರಿಗೆ ಒಂದು ಕಾಗದವನ್ನೂ ಕೊಟ್ಟು ಕಳಿಸಿದರು.

ಆ ಕಾಗದ ತಲುಪುವ ಕೈ ಒಂದು ಇರಬೇಕಲ್ಲ? ಅದೇ ಈ ಬರಹದ ವಿಷಯ.

ಚರಕ ಸಂಹಿತೆಯಲ್ಲಿ ಒಂದು ಮಾತಿದೆ: ಅಸಾಧ್ಯವಾದ ರೋಗಕ್ಕೆ ಕೈ ಹಾಕಿದ ವೈದ್ಯನಿಗೆ ಹಣ, ವಿದ್ಯೆ, ಕೀರ್ತಿ ಎಲ್ಲಕ್ಕೂ ಹಾನಿ. ಅಂದರೆ ಸಾಯುವವನನ್ನು ಬಿಟ್ಟು ಬಾ ಎಂದೇ ಸಲಹೆ. ಹಿಂದಿನವರಿಗೆ ಅವರದೇ ಕಾರಣಗಳಿದ್ದವು. ಸುಳ್ಳು ಆಸೆ ಹುಟ್ಟಿಸಿ ದುಡ್ಡು ಕೀಳುವ ವೈದ್ಯರು ಆಗಲೂ ಇದ್ದಿರಬೇಕು. ಆದರೂ ನಮ್ಮ ಹಳಬರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದಾರೆ ಎಂದು ಸಭೆಯಲ್ಲಿ ಭಾಷಣ ಮಾಡುವವರು ಈ ಮಾತನ್ನು ಎತ್ತುವುದಿಲ್ಲ. ವೈದ್ಯ ಹೊರಗೆ ಹೆಜ್ಜೆ ಇಟ್ಟಾಗ ಪುರೋಹಿತ ಒಳಗೆ ಬರುತ್ತಿದ್ದ: ಪ್ರಾಯಶ್ಚಿತ್ತ, ಗೋದಾನ, ಗಂಗೋದಕ, ಕಿವಿಯಲ್ಲಿ ನಾಮ. ಈ ಇಬ್ಬರ ನಡುವಿನ ತೆರಪಿನಲ್ಲಿ ನೋವು ಇತ್ತು. ಅದಕ್ಕೆ ಯಾರೂ ಹೊಣೆಯಿರಲಿಲ್ಲ.

ರಾಯರ ಮನೆಯಲ್ಲೂ ಮೊದಲ ವಾರ ಹಾಗೇ ಆಯಿತು. ಗುಳಿಗೆ ಇತ್ತು, ಕೊಡುವ ಧೈರ್ಯ ಇರಲಿಲ್ಲ. ಮಾರ್ಫೀನ್ ಎಂದರೆ ಅಫೀಮು, ಚಟ ಹಿಡಿಯುತ್ತದೆ, ಅದು ಬಂತೆಂದರೆ ಕೊನೆ ಬಂತು ಎಂದು ರಾಯರ ಹೆಂಡತಿಗೆ, ನಾವೆಲ್ಲ ಅಕ್ಕ ಎನ್ನುವವರಿಗೆ, ಯಾರೋ ಹೇಳಿದ್ದರು. ಹಾಗಾಗಿ ತಡೆಯಲಾರದೆ ಕೂಗಿದಾಗ ಮಾತ್ರ ಒಂದು. ಮಂದಸೌರ್, ನೀಮಚ್‌ ಕಡೆ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುತ್ತದೆ, ಹೊರದೇಶಗಳಿಗೆ ಕಳಿಸುತ್ತದೆ. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ನಮ್ಮದೇ ರೋಗಿಗಳಿಗೆ ಅದು ಸಿಗುವುದು ದುಸ್ತರವಾಯಿತು. ಒಂದು ಆಸ್ಪತ್ರೆ ಮಾರ್ಫೀನ್ ಇಡಬೇಕೆಂದರೆ ಬೇರೆ ಬೇರೆ ಇಲಾಖೆಗಳ ಹಲವು ಲೈಸೆನ್ಸು. 2014ರ ತಿದ್ದುಪಡಿ ಅದನ್ನು ಸುಲಭ ಮಾಡಿತು. ಕಾನೂನಿನ ಹೆದರಿಕೆ ಕಡಿಮೆಯಾದರೂ ಅಡುಗೆಮನೆಯ ಹೆದರಿಕೆ ಹೋಗಲಿಲ್ಲ.

ಡಾಕ್ಟರು ಬಂದು ಮಾಡಿದ ಮೊದಲ ಕೆಲಸ ಗೋಡೆಯ ಮೇಲಿದ್ದ ಕಾಲನಿರ್ಣಯ ಕ್ಯಾಲೆಂಡರನ್ನು ಇಳಿಸಿದ್ದು. ನಾನು ಏಕಾದಶಿ, ಸಂಕಷ್ಟಿ ನೋಡುವ ಕ್ಯಾಲೆಂಡರು. ಅದರ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಎರಡು. ರಾತ್ರಿ ಎರಡು ಯಾಕೆಂದರೆ ನಡುರಾತ್ರಿ ಎಬ್ಬಿಸುವುದು ಬೇಡ, ಇಬ್ಬರೂ ಮಲಗಲಿ ಎಂದು. “ಗಡಿಯಾರ ನೋಡಿ ಕೊಡಿ ಅಕ್ಕಾ, ಅವರ ಮುಖ ನೋಡಿ ಕೊಡಬೇಡಿ. ಮುಖದಲ್ಲಿ ನೋವು ಕಾಣುವಷ್ಟು ಹೊತ್ತು ಕಾಯುವುದೇ ತಪ್ಪು.” ಜೊತೆಗೆ ದಿನವೂ ಹೊಟ್ಟೆ ಸಡಿಲಿಸುವ ಗುಳಿಗೆ, ಅದನ್ನು ಬಿಟ್ಟರೆ ಮಾರ್ಫೀನು ಮಲವನ್ನು ಕಲ್ಲು ಮಾಡಿಬಿಡುತ್ತದಂತೆ, ಆಮೇಲೆ ಅದರದೇ ಒಂದು ನರಕ. ಮೊದಲ ಎರಡು ಮೂರು ದಿನ ತೂಕಡಿಕೆ ಇರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಅಕ್ಕನ ಎದುರಿಗೇ ಹೇಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಮಗನಿಗೆ ಕೈಹಿಡಿದು ತೋರಿಸಿದರು. ಕೈಹಿಡಿದು ಎಂದರೆ ನಿಜವಾಗಿಯೂ ಕೈಹಿಡಿದೇ. ಆ ಹುಡುಗ ಅಪ್ಪನ ಮೈ ಮುಟ್ಟಿ ಎಷ್ಟು ವರ್ಷವಾಗಿತ್ತೋ.

ತಕರಾರು ಬಂದದ್ದು ಆ ತೂಕಡಿಕೆಯ ದಿನಗಳಲ್ಲೇ. ರಾಯರ ಅಣ್ಣ ಊರಿನಿಂದ ಬಂದಿದ್ದರು, ನಿಷ್ಠಾವಂತರು. ನನ್ನನ್ನು ಬಾಲ್ಕನಿಗೆ ಕರೆದು, “ಭಟ್ರೇ, ಎಂತ ನಡೀತಾ ಉಂಟು ಇಲ್ಲಿ? ಪ್ರಾರಬ್ಧ ಅನುಭವಿಸಿಯೇ ತೀರಬೇಕು ಅಂತ ನೀವೇ ಹೇಳ್ತೀರಿ. ಭರತ ಮಹಾರಾಜ ಸಾಯುವಾಗ ಜಿಂಕೆಮರಿ ನೆನೆಸಿ ಜಿಂಕೆಯಾಗಿ ಹುಟ್ಟಿದ. ನನ್ನ ತಮ್ಮ ಎಂತದನ್ನೂ ನೆನೆಸದೆ, ಅಮಲಿನಲ್ಲಿ ಹೋದರೆ ಎಂತ ಗತಿ?” ಎಂದರು.

ಕರ್ಮದ ಮಾತಿಗೆ ಉತ್ತರ ಕಷ್ಟವಿರಲಿಲ್ಲ. ಹಸಿವೂ ಪ್ರಾರಬ್ಧವೇ ಆಗಬೇಕಲ್ಲ, ಹಾಗಾದರೆ ಅನ್ನದಾನಕ್ಕೆ ಪುಣ್ಯ ಯಾಕೆ? ಉಡುಪಿಯಲ್ಲಿ ಸಾಲಾಗಿ ಕೂರಿಸಿ ಬಡಿಸುವಾಗ, ಇವನ ಹಸಿವಿನ ಲೆಕ್ಕ ಬಾಕಿ ಉಳಿಯುತ್ತದೆ ಎಂದು ಯಾರಾದರೂ ಸೌಟು ಹಿಂದೆಳೆದುಕೊಳ್ಳುತ್ತಾರಾ? ನೋವು ಒಬ್ಬನ ಪ್ರಾರಬ್ಧದಲ್ಲಿದ್ದರೆ, ಆ ನೋವಿಗೆ ಮದ್ದು ಗೊತ್ತಿರುವ ಡಾಕ್ಟರು ಎದುರು ಮನೆಯಲ್ಲಿರುವುದೂ ಅದೇ ಪ್ರಾರಬ್ಧದಲ್ಲಿದೆ. ಇನ್ನೊಬ್ಬನ ಕರ್ಮದ ಲೆಕ್ಕಪತ್ರ ಇಟ್ಟುಕೊಳ್ಳುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ನನ್ನ ಪಾಲಿನದು ಅವನ ಬಾಯಿಗೆ ಗುಳಿಗೆ ಹಾಕುವುದೋ ಬಿಡುವುದೋ ಎಂಬಷ್ಟೇ. ಆ ಕರ್ಮ ನನ್ನದು.

ಸ್ಮರಣೆಯ ಪ್ರಶ್ನೆ ಇನ್ನೂ ಆಳದ್ದು. ಗೀತೆಯ ಎಂಟನೆಯ ಅಧ್ಯಾಯ ನಾನೇ ಎಷ್ಟೋ ಮಂಚಗಳ ಪಕ್ಕ ಕೂತು ಓದಿದ್ದೇನೆ. ಕೊನೆಯಲ್ಲಿ ಯಾವುದನ್ನು ನೆನೆಯುತ್ತ ದೇಹ ಬಿಡುತ್ತಾನೋ ಅದನ್ನೇ ಸೇರುತ್ತಾನೆ ಎನ್ನುವುದು ಅಲ್ಲಿನ ಅಭಿಪ್ರಾಯ. ಇದನ್ನು ಪರೀಕ್ಷೆಯ ಕೊನೆಯ ಗಂಟೆ ಎಂಬಂತೆ ಓದಿದರೆ ಮಾರ್ಫೀನು ಪಾಪವೇ. ಆದರೆ ಅದರ ಬೆನ್ನಿಗೇ ಕೃಷ್ಣ, ಆದ್ದರಿಂದ ಎಲ್ಲ ಕಾಲದಲ್ಲೂ ನೆನೆ ಎನ್ನುತ್ತಾನೆ. ಕೊನೆಯ ಗಳಿಗೆ ಕೈಗೆ ಸಿಗುವಂಥದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಶ್ರೀವೈಷ್ಣವರಲ್ಲಿ ವರಾಹ ಚರಮಶ್ಲೋಕ ಎಂದು ಒಂದಿದೆ. ನಾವು ಮಾಧ್ವರು, ನಮ್ಮ ನಿತ್ಯಪಾಠದಲ್ಲಿ ಅದಿಲ್ಲ. ಥಾಣೆಯ ಒಬ್ಬ ಅಯ್ಯಂಗಾರ್ ಹಿರಿಯರಿಂದ ನಾನು ಕಲಿತದ್ದು. ಭೂದೇವಿಗೆ ವರಾಹ ಹೇಳುವ ಮಾತು: ಮೈ ಮನಸ್ಸು ಸರಿಯಿದ್ದಾಗ ನನ್ನನ್ನು ನೆನೆದವನು ಸಾಯುವಾಗ ಕಟ್ಟಿಗೆಯಂತೆ, ಕಲ್ಲಿನಂತೆ ಬಿದ್ದಿದ್ದರೂ ಚಿಂತೆಯಿಲ್ಲ, ಆಗ ನಾನೇ ಅವನನ್ನು ನೆನೆಯುತ್ತೇನೆ, ಕರೆದೊಯ್ಯುತ್ತೇನೆ. ಅಣ್ಣನಿಗೆ ಇದನ್ನು ಹೇಳಿದೆ. ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ಒಪ್ಪಿಸಿದ್ದು ಐದನೆಯ ದಿನದ ಸಂಜೆ. ಡೋಸು ಹಿಡಿತಕ್ಕೆ ಬಂದು ತೂಕಡಿಕೆ ಇಳಿದಿತ್ತು. ರಾಯರು ದಿಂಬಿಗೊರಗಿ ಕೂತು, ಕುಚ್ಚಲಕ್ಕಿ ಗಂಜಿಯ ತಿಳಿ ಚಮಚದಲ್ಲಿ ಕುಡಿದು, ಅಣ್ಣನ ಹತ್ತಿರ ತೋಟದ ಬಾವಿಯ ನೀರು ಎಷ್ಟಿದೆ ಎಂದು ಕೇಳಿದರು. ನನ್ನನ್ನು ಕಂಡು, “ಭಟ್ರೇ, ಸಹಸ್ರನಾಮ ಓದಿ, ನಿನ್ನೆ ಮೊನ್ನೆ ಎಲ್ಲ ಕಿವಿಗೆ ಹೋಗಲೇ ಇಲ್ಲ” ಎಂದರು. ಕಿವಿಗೆ ಹೋಗಗೊಡದೆ ಇದ್ದದ್ದು ತೂಕಡಿಕೆ ಎಂದು ಅಣ್ಣ ಅಂದುಕೊಂಡರು. ರಾಯರೇ ತಿದ್ದಿದರು: ಗುಳಿಗೆ ಶುರುವಾಗುವ ಮೊದಲಿನ ವಾರದಿಂದಲೇ ಕೇಳಿಸುತ್ತಿರಲಿಲ್ಲ, ನೋವು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಇದನ್ನು ಕೇಳಿದ ಮೇಲೆ ನನಗೆ ಗೊಂದಲ ಉಳಿದಿಲ್ಲ. ನೋವಿಗೆ ಸಿಕ್ಕವನು ನೋವನ್ನೇ ಜಪಿಸುತ್ತಾನೆ. ಭರತನ ಜಿಂಕೆಯಾದರೂ ಮುದ್ದಾಗಿತ್ತು.

ಡಾಕ್ಟರರಿಗೆ ಈ ವಾದವನ್ನೆಲ್ಲ ಆಮೇಲೆ ಕ್ಲಿನಿಕ್ಕಿನಲ್ಲಿ ಹೇಳಿದೆ. ಅವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬಾಕೆಯ ವಿಷಯ ತೆಗೆದರು. ಮೊದಲು ನರ್ಸು, ಆಮೇಲೆ ಸಮಾಜಸೇವಕಿ, ಕೊನೆಗೆ ಡಾಕ್ಟರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಹಾಸ್ಪಿಸ್ ತೆರೆದವರು. ಸಾಯುವವನ ನೋವು ಮೈಯದು, ಮನಸ್ಸಿನದು, ಮನೆ-ಸಂಸಾರದ್ದು, ಆತ್ಮದ್ದು, ನಾಲ್ಕೂ ಒಂದೇ ಗಂಟು ಎನ್ನುವುದು ಅವರ ಕಾಣ್ಕೆ. “ನಾಲ್ಕನೆಯದು ನಿಮ್ಮ ಡಿಪಾರ್ಟ್‌ಮೆಂಟು ಗುರುಜಿ. ಆದರೆ ಮೊದಲನೆಯದು ಮುಗಿಯುವ ತನಕ ನಿಮ್ಮ ಬಾಗಿಲು ತೆರೆಯುವುದಿಲ್ಲ.” ಅದೇ ಚಿಂತನೆಯ ಮೇಲೆ ಬಾಂದ್ರಾದಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನ ಶುರುವಾಯಿತು, ದೇಶದ ಮೊದಲ ಹಾಸ್ಪಿಸ್, ನಮ್ಮ ಬೆಂಗಳೂರಿನ ಕರುಣಾಶ್ರಯವೂ ಆ ದಾರಿಯದೇ. ಆದರೆ ಮನೆಯಲ್ಲೇ ಇರುತ್ತೇನೆ ಎನ್ನುವವರು ಹೆಚ್ಚು, ಹಾಸಿಗೆಗಳು ಕಡಿಮೆ.

ಹೇಳುವುದೋ ಬಚ್ಚಿಡುವುದೋ ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ‘ಅಪ್ಪನಿಗೆ ಹೇಳಬೇಡಿ’ ಎಂದು ಮಕ್ಕಳು ಬಾಗಿಲಲ್ಲೇ ತಡೆಯುತ್ತಾರೆ. ನಾನು ಭಾಗವತ ಸಪ್ತಾಹ ಮಾಡುವವನು, ನನಗೆ ಇದರಲ್ಲಿ ಎರಡು ಅಭಿಪ್ರಾಯ ಇಲ್ಲ. ರಾಜ ಪರೀಕ್ಷಿತನಿಗೆ ಏಳು ದಿನದಲ್ಲಿ ಸಾವು ಎಂದು ಶೃಂಗಿ ಶಾಪ ಕೊಟ್ಟ. ಅಪ್ಪ ಶಮೀಕನಿಗೆ ಅದು ಹಿಡಿಸಲಿಲ್ಲ, ಆದರೂ ಶಿಷ್ಯನನ್ನು ಕಳಿಸಿ ಪರೀಕ್ಷಿತನಿಗೆ ತಿಳಿಸಿದ. ರಾಜ ಹೆದರಿಯಾನು, ಏಳು ದಿನ ಸುಖವಾಗಿ ಊಟ ಮಾಡಿಕೊಂಡಿರಲಿ ಎಂದು ಮಂತ್ರಿಗಳು ಆ ಸುದ್ದಿಯನ್ನು ಬಾಗಿಲಲ್ಲೇ ತಡೆದಿದ್ದರೆ ಶುಕಮುನಿ ಬರುವ ಪ್ರಸಂಗವೇ ಇರಲಿಲ್ಲ, ಭಾಗವತವೂ ಇರುತ್ತಿರಲಿಲ್ಲ. ಹೇಳುವ ಬಗೆ ಮಾತ್ರ ನಾನು ಡಾಕ್ಟರರಿಂದ ಕಂಡದ್ದು. ರಾಯರು ಮಂಚದ ಅಂಚಿನಲ್ಲಿ ಅವರನ್ನು ಕೂರಿಸಿಕೊಂಡು, “ಡಾಕ್ಟರ್ ಸಾಬ್, ಕಿತನಾ ಟೈಮ್?” ಎಂದರು. ಇವರು, “ನಿಮಗೆ ಏನನ್ನಿಸುತ್ತದೆ?” ಎಂದರು. “ದೀಪಾವಳಿ ಕಾಣುವುದಿಲ್ಲ.” ಡಾಕ್ಟರು ಅಲ್ಲಗಳೆಯಲಿಲ್ಲ, ಕೈ ಬಿಡಲೂ ಇಲ್ಲ. ಮರುದಿನ ರಾಯರು ಪಾಸ್‌ಬುಕ್ಕುಗಳನ್ನು ತರಿಸಿದರು, ಅಣ್ಣನ ಜೊತೆಗಿದ್ದ ಗಡಿಯ ತಗಾದೆಯನ್ನು ಅರ್ಧ ಗಂಟೆಯಲ್ಲಿ ಬಿಟ್ಟುಕೊಟ್ಟು ಮುಗಿಸಿದರು. ಪಾರ್ಸಲ್ ಮಾಡಿದಷ್ಟು ಚೊಕ್ಕ ಕೆಲಸ. ಸ್ಟೋರ್ಸಿನವರು ನೋಡಿ.

ನವರಾತ್ರಿಯ ಹೊತ್ತಿಗೆ ಗಂಜಿಯ ತಿಳಿಯೂ ಇಳಿಯದಾಯಿತು. ಮಗ ಕಂಗಾಲಾದ. ಇನ್ನೊಂದು ದೊಡ್ಡ ಆಸ್ಪತ್ರೆಗೆ ಸೇರಿಸೋಣ, ಹೊಟ್ಟೆಗೆ ನಳಿಗೆ ಹಾಕಿಸೋಣ, ಸಲೈನ್ ಹತ್ತಿಸೋಣ, ಉಪವಾಸ ಕೆಡವಿ ಕೊಂದೆ ಎಂದು ನಾಳೆ ಊರವರು ಹೇಳುತ್ತಾರೆ ಎಂದ. ಡಾಕ್ಟರು ಬೇಡ ಎಂದು ಹೇಳಲಿಲ್ಲ. ದೇಹ ಅನ್ನ ಬೇಡುವುದನ್ನು ನಿಲ್ಲಿಸಿದೆ, ಈಗ ಹತ್ತಿಸಿದ ನೀರು ಕಾಲಿನಲ್ಲೂ ಶ್ವಾಸಕೋಶದಲ್ಲೂ ನಿಲ್ಲುತ್ತದೆ, ಉಸಿರು ಇನ್ನೂ ಕಷ್ಟವಾಗುತ್ತದೆ ಎಂದು ವಿವರಿಸಿ, “ಅಪ್ಪನನ್ನೇ ಕೇಳು” ಎಂದರು. ರಾಯರು ಕೈ ಅಲ್ಲಾಡಿಸಿದರು.

ಆಗ ನನಗೆ ಹೊಳೆದದ್ದು ಭೀಷ್ಮಪರ್ವ. ಹತ್ತನೆಯ ದಿನ ಭೀಷ್ಮ ಬಿದ್ದಾಗ ದುರ್ಯೋಧನ ಬಾಣ ಕೀಳುವುದರಲ್ಲಿ ನುರಿತ ಶಸ್ತ್ರವೈದ್ಯರನ್ನು ಸಲಕರಣೆ ಸಮೇತ ಕರೆತರುತ್ತಾನೆ. ಭೀಷ್ಮ ಅವರಿಗೆ ಮರ್ಯಾದೆ ಮಾಡಿಸಿ, ಹಣ ಕೊಡಿಸಿ, ವಾಪಸು ಕಳಿಸುತ್ತಾನೆ. ಇದು ನಮಗೆಲ್ಲ ಗೊತ್ತಿರುವ ವೈರಾಗ್ಯ. ಆದರೆ ಅದೇ ಭೀಷ್ಮ ಎರಡು ವಸ್ತು ಕೇಳುತ್ತಾನೆ: ಜೋತುಬಿದ್ದ ತಲೆಗೆ ದಿಂಬು, ಒಣಗಿದ ಬಾಯಿಗೆ ನೀರು. ಬಾಣ ಕೀಳುವುದು ಬೇಡ ಎಂದವನಿಗೆ ತಲೆ ಜೋತಾಡುವ ಕಷ್ಟ ಬೇಕಾಗಿರಲಿಲ್ಲ. ರಾಜರು ಮೆತ್ತನೆಯ ದಿಂಬು, ತಣ್ಣನೆಯ ನೀರಿನ ಕೊಡ ತಂದರು, ಅವು ಆಗಲಿಲ್ಲ. ಅರ್ಜುನ ಮೂರು ಬಾಣಗಳನ್ನು ತಲೆಗೆ ಆನಿಕೆಯಾಗುವಂತೆ ನೆಟ್ಟ. ಮರುದಿನ ನೆಲಕ್ಕೆ ಬಾಣ ಬಿಟ್ಟು ನೀರು ಬರಿಸಿದ. ಅಜ್ಜನ ತೊಡೆಯ ಮೇಲೆ ಆಡಿದ ಹುಡುಗ ಅವನು, ಈ ಮುದುಕನಿಗೆ ಯಾವ ದಿಂಬು ಹೊಂದುತ್ತದೆ ಎಂದು ಅವನಿಗೆ ತಿಳಿದಿತ್ತು. ಆಮೇಲೆ 58 ರಾತ್ರಿ ಭೀಷ್ಮ ಅಲ್ಲೇ ಮಲಗಿದ್ದ. ಚಿಕಿತ್ಸೆ ನಿಲ್ಲಿಸುವುದು ಒಂದು, ನೋಡಿಕೊಳ್ಳುವುದನ್ನು ನಿಲ್ಲಿಸುವುದು ಬೇರೊಂದು ಎಂದು ನನಗೆ ಅರ್ಥವಾದದ್ದು ಈ ಪ್ರಸಂಗದಿಂದ. ಅರ್ಥ ಮಾಡಿಸಿದ್ದು ಸ್ಕೂಟರಿನ ಮೇಲೆ ಬರುವ ಡಾಕ್ಟರು. ಒಂದು ವ್ಯತ್ಯಾಸವನ್ನೂ ಹೇಳಬೇಕು. ಭೀಷ್ಮನಿಗೆ ಇಚ್ಛಾಮರಣದ ವರವಿತ್ತು, ನಮಗಿರುವುದು ‘ಬೇಡ’ ಎನ್ನುವ ಹಕ್ಕು ಮಾತ್ರ.

ಆ ಹಕ್ಕಿನ ಚರಿತ್ರೆಯಲ್ಲಿ ನಮ್ಮ ಕರಾವಳಿಯ ಮಗಳೊಬ್ಬಳಿದ್ದಾಳೆ. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ, ಪರೇಲಿನ ಕೆಇಎಂ ಆಸ್ಪತ್ರೆಯ ನರ್ಸು. 1973ರ ಹಲ್ಲೆಯ ನಂತರ 2015ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ, ನರ್ಸುಗಳ ಆರೈಕೆಯಲ್ಲಿ. ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಎಂಬ, ಅವಳ ಹೆಸರಿನ ಮೊಕದ್ದಮೆಯ ತೀರ್ಪು 2011ರಲ್ಲಿ ಬಂತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಇಂಥ ಚಿಕಿತ್ಸೆ ನನಗೆ ಬೇಡ ಎಂದು ಮೊದಲೇ ಬರೆದಿಡುವುದನ್ನು ಒಪ್ಪಿತು. 2023ರಲ್ಲಿ ಆ ವಿಧಾನವನ್ನು ಸರಳ ಮಾಡಿತು, ನೋಟರಿಯ ಎದುರು ಸಹಿ ಹಾಕಿದರೂ ಸಾಕು. ಬರೆದದ್ದರ ಒಂದು ಪ್ರತಿಯನ್ನು ಫ್ಯಾಮಿಲಿ ಡಾಕ್ಟರರಿದ್ದರೆ ಅವರಿಗೆ ಕೊಡಬೇಕು ಎಂದೂ ಅದರಲ್ಲಿದೆ. ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೂ ಈ ಮನುಷ್ಯನ ನೆನಪಾಯಿತಲ್ಲ ಎಂದು ನನಗೆ ಸಂತೋಷವಾಯಿತು. ನನ್ನದೊಂದು ಬರೆದು ಡಾಕ್ಟರರಿಗೆ ಕೊಟ್ಟಿದ್ದೇನೆ. “ಗುರುಜಿ, ನಾನು ನಿಮಗಿಂತ ದೊಡ್ಡವನು” ಎಂದು ನಕ್ಕು ಡ್ರಾಯರಿನಲ್ಲಿಟ್ಟರು.

ಎಲ್ಲ ಫ್ಯಾಮಿಲಿ ಡಾಕ್ಟರರೂ ಹೀಗೆ ಎಂದು ನಾನು ಹೇಳುವುದಿಲ್ಲ. ಮನೆಯವರ ಸಮಾಧಾನಕ್ಕೆಂದು ದಿನಕ್ಕೊಂದು ಬಾಟಲಿ ಏರಿಸಿ ದುಡ್ಡು ಎಣಿಸಿಕೊಂಡವರನ್ನು ನೋಡಿದ್ದೇನೆ. ರಾತ್ರಿ ಫೋನು ಸ್ವಿಚ್ ಆಫ್ ಮಾಡುವವರಿದ್ದಾರೆ. ದಕ್ಷಿಣೆಗೆ ತಕ್ಕಂತೆ ಮಂತ್ರ ಉದ್ದ ಗಿಡ್ಡ ಮಾಡುವ ಭಟ್ಟರೂ ಇದ್ದಾರೆ, ಅದರಲ್ಲಿ ನಾವು ಮಾತಾಡುವ ಹಾಗಿಲ್ಲ.

ಕೊನೆಯ ದಿನ ಏನೇನಾಗುತ್ತದೆ ಎಂದು ಡಾಕ್ಟರು ಮುಂಚೆಯೇ ಹೇಳಿಟ್ಟಿದ್ದರು. ಮೇಲುಸಿರು ಬರುತ್ತದೆ, ನಡುವೆ ಉಸಿರು ನಿಂತು ಮತ್ತೆ ಶುರುವಾಗುತ್ತದೆ, ಗಂಟಲಲ್ಲಿ ಗೊರಗೊರ ಎನ್ನುತ್ತದೆ. ಕೇಳುವ ನಿಮಗೆ ಹಿಂಸೆ, ಅವರಿಗೆ ಅದು ತಿಳಿಯುವುದಿಲ್ಲ, ಮಗ್ಗುಲಿಗೆ ಮಲಗಿಸಿ. ಗಂಗೋದಕವನ್ನು ಚಮಚದಲ್ಲಿ ಸುರಿದರೆ ನೆತ್ತಿಗೇರುತ್ತದೆ, ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಬಹುದೇ ಎಂದು ನನ್ನನ್ನು ಕೇಳಿದರು. ಬಹುದು ಎಂದೆ. ಶಾಸ್ತ್ರದಲ್ಲಿ ಅಳತೆ ಹೇಳಿಲ್ಲ.

ಬೆಳಗಿನ ಜಾವ ಹೋದರು. ಡಾಕ್ಟರು ಮೊಣಕಾಲಿನವರೆಗಿನ ಚಡ್ಡಿಯಲ್ಲೇ ಬಂದು, ನಾಡಿ ನೋಡಿ, ಕಣ್ಣಿಗೆ ಟಾರ್ಚು ಹಿಡಿದು, ಫಾರ್ಮ್ 4ಎ ತುಂಬಿ ಸಹಿ ಹಾಕಿದರು. ಮನೆಯಲ್ಲಿ ತೀರಿಕೊಂಡವರ ಸಾವಿನ ಕಾರಣ ಬರೆಯುವ ಕಾಗದ ಅದು. ಕೇಳಲು ಸಣ್ಣ ಸಂಗತಿ. ಆದರೆ ಸಹಿ ಹಾಕಲು ಗುರುತಿನ ಡಾಕ್ಟರಿಲ್ಲ ಎಂಬ ಒಂದೇ ಕಾರಣಕ್ಕೆ, ಮನೆಯಲ್ಲಿ ಸಾಯಬೇಕೆಂದಿದ್ದ ಜೀವಗಳನ್ನು ಕೊನೆಯ ರಾತ್ರಿ ಆಂಬುಲೆನ್ಸಿಗೆ ಹಾಕಿ ಓಡುವುದನ್ನು ನಾನು ಕಂಡಿದ್ದೇನೆ. ಸ್ಮಶಾನದಲ್ಲಿ ಕಾಗದ ಕೇಳುತ್ತಾರೆ. ಇಲ್ಲದಿದ್ದರೆ ಪೊಲೀಸು, ಪಂಚನಾಮೆ, ಶವಪರೀಕ್ಷೆ ಎಂಬ ಭಯ. ಎಷ್ಟು ಮನೆಗಳ ಕರ್ಣಮಂತ್ರ ಈ ಸಹಿಯ ಅಭಾವದಿಂದ ಐಸಿಯುವಿನ ಗಾಜಿನ ಆಚೆ ಉಳಿದಿದೆಯೋ.

ಈಗ ನನಗೊಂದು ಅಭ್ಯಾಸವಾಗಿದೆ. ಹೊಸ ಟವರುಗಳಲ್ಲಿ ಗೃಹಪ್ರವೇಶಕ್ಕೆ ಕರೆದರೆ, ಮುಹೂರ್ತ, ಸಾಮಾನಿನ ಪಟ್ಟಿ ಎಲ್ಲ ಆದ ಮೇಲೆ, ನಿಮ್ಮ ಡಾಕ್ಟರು ಯಾರು ಎಂದು ಕೇಳುತ್ತೇನೆ. ಮೊನ್ನೆ ಒಬ್ಬ ಹುಡುಗ ಮೊಬೈಲ್ ತೋರಿಸಿ, “ಆ್ಯಪ್ ಉಂಟು ಭಟ್ರೇ, ಯಾವ ಸ್ಪೆಷಲಿಸ್ಟ್ ಬೇಕಾದ್ರೂ ಹತ್ತು ನಿಮಿಷಕ್ಕೆ ಸಿಗ್ತಾರೆ” ಎಂದ. ಅವನ ಅಮ್ಮ ಊರಿನಿಂದ ಬಂದು ಅವನ ಜೊತೆಗಿದ್ದಾರೆ, ವಯಸ್ಸಾಗಿದೆ. ರಾತ್ರಿ ಮನೆಗೆ ಬರುತ್ತಾರಾ ಎಂದು ಕೇಳಿದೆ. ಅವನು ಅಮ್ಮನ ಮುಖ ನೋಡಿದ. ನಮ್ಮ ಡಾಕ್ಟರರ ನಂಬರನ್ನು ಸಾಮಾನಿನ ಪಟ್ಟಿಯ ಕೆಳಗೇ ಬರೆದುಕೊಟ್ಟೆ. ಅವರಿಗೂ ಈಗ ಕಣ್ಣು ಸರಿಯಿಲ್ಲ, ರಾತ್ರಿ ಸ್ಕೂಟರ್ ಓಡಿಸುವುದಿಲ್ಲ, ನೀನೇ ಹೋಗಿ ಕರೆದುಕೊಂಡು ಬರಬೇಕು ಎಂದೂ, ಅದಕ್ಕಿಂತ ಮೊದಲು ಸುಮ್ಮನೆ ಒಮ್ಮೆ ಅಮ್ಮನನ್ನು ಬಿಪಿ ನೋಡಿಸುವ ನೆಪದಲ್ಲಿ ಆ ಬೆಂಚಿನ ಮೇಲೆ ಕೂರಿಸಿಕೊಂಡು ಬಾ ಎಂದೂ ಹೇಳಿದೆ.